ಜಿಮ್‌ಗೆ ಹೊಸದಾಗಿ ಸೇರುವ ತುಮಕೂರಿನವರಿಗೆ: ಮೊದಲ ಮೂರು ತಿಂಗಳು ಮಾಡಬೇಕಾದದ್ದು

ಜನವರಿಯ ಮೊದಲ ವಾರದಲ್ಲಿ ತುಮಕೂರಿನ ಜಿಮ್‌ಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಶಿವರಾತ್ರಿ ಬಂದು ಸಿದ್ಧಗಂಗೆಯ ಜಾತ್ರೆ ಮುಗಿಯುವಷ್ಟರಲ್ಲಿ ಹೊಸಬರಲ್ಲಿ ಅನೇಕರು ಕಾಣೆಯಾಗಿರುತ್ತಾರೆ. ಅವರನ್ನು ಸೋಮಾರಿಗಳೆಂದು ಹಳಿಯುವುದು ಸುಲಭ. ಆದರೆ ಬಿಟ್ಟುಹೋಗುವವರಲ್ಲಿ ಬಹಳ ಮಂದಿ ಆರಂಭದಲ್ಲಿ ಅತಿಯಾಗಿ ಮಾಡಿಯೇ ಕೆಟ್ಟಿರುತ್ತಾರೆ: ಮೊದಲ ದಿನವೇ ಮೈ ನುಗ್ಗಾಗುವಷ್ಟು ಭಾರ ಎತ್ತಿ, ಮೂರು ದಿನ ಮೆಟ್ಟಿಲು ಇಳಿಯಲಾಗದೆ ಒದ್ದಾಡಿ, ಆ ನೆಪದಲ್ಲಿ ಒಂದು ವಾರ ತಪ್ಪಿಸಿ, ಆಮೇಲೆ ಮುಖ ತೋರಿಸಲು ಸಂಕೋಚಪಟ್ಟು ನಿಲ್ಲಿಸಿಬಿಡುತ್ತಾರೆ. ಆದ್ದರಿಂದ ಮೊದಲ ಮೂರು ತಿಂಗಳು ನಿಮ್ಮ ಶಕ್ತಿ ಇರುವುದಕ್ಕಿಂತ ತುಸು ಕಡಿಮೆಯೇ ಮಾಡಿ, ಪ್ರತಿಯೊಂದು ಚಲನೆಯನ್ನು ಸರಿಯಾಗಿ ಕಲಿತು, ವಾರಕ್ಕೆ ಮೂರು ದಿನ ತಪ್ಪದೆ ಹೋಗುವ ರೂಢಿಯನ್ನು ಗಟ್ಟಿ ಮಾಡಿಕೊಳ್ಳಬೇಕು. ಈ ಬರಹದ ಸಲಹೆಗಳೆಲ್ಲ ಅದಕ್ಕೆ ಪೂರಕವಾದವು.

ಎಷ್ಟು ವ್ಯಾಯಾಮ ಸಾಕು ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವೇಗದ ಚಟುವಟಿಕೆಯನ್ನು, ಇಲ್ಲವೇ 75ರಿಂದ 150 ನಿಮಿಷ ಬಿರುಸಾದ ಚಟುವಟಿಕೆಯನ್ನು ಮಾಡಬೇಕೆಂದೂ, ಅದರ ಜೊತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ಪ್ರಮುಖ ಸ್ನಾಯುಗಳಿಗೆಲ್ಲ ಬಲ ಕೊಡುವ ವ್ಯಾಯಾಮ ಇರಬೇಕೆಂದೂ ಅದು ಹೇಳುತ್ತದೆ. ಮೊದಲ ಭಾಗವನ್ನು ಪೂರೈಸಲು ಹಣ ಕೊಡಬೇಕಾಗಿಲ್ಲ. ಅಮಾನಿಕೆರೆಯ ಸುತ್ತಲೋ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲೋ ವಾರಕ್ಕೆ ಐದು ದಿನ ಅರ್ಧ ಗಂಟೆ ಚುರುಕಾಗಿ ನಡೆದರೆ 150 ನಿಮಿಷ ಆಗಿಹೋಗುತ್ತದೆ. ಜಿಮ್ ಬೇಕಾಗುವುದು ಮುಖ್ಯವಾಗಿ ಎರಡನೆಯ ಭಾಗಕ್ಕೆ. ಜಿಮ್‌ಗೆ ಹಣ ಕಟ್ಟಿ, ಇಡೀ ಗಂಟೆಯನ್ನು ಟ್ರೆಡ್‌ಮಿಲ್ ಮೇಲೆಯೇ ಕಳೆಯುವವರು ಇದನ್ನು ಒಮ್ಮೆ ಯೋಚಿಸುವುದು ಒಳ್ಳೆಯದು.

ಸೇರುವ ಮುನ್ನ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು ಬೆಳಗಿನ ವ್ಯಾಯಾಮದ ಬಳಿಕ ಅಸ್ವಸ್ಥರಾಗಿ 46ನೆಯ ವಯಸ್ಸಿಗೇ ನಿಧನರಾದಾಗಿನಿಂದ, ಕರ್ನಾಟಕದಲ್ಲಿ ಜಿಮ್ ಎಂದೊಡನೆ ಮನೆಯ ಹಿರಿಯರು ಕೇಳುವ ಮೊದಲ ಪ್ರಶ್ನೆ ಹೃದಯದ ಬಗೆಗೇ ಇರುತ್ತದೆ. ಕ್ರಮವಾದ ವ್ಯಾಯಾಮವು ಹೃದ್ರೋಗದ ಅಪಾಯವನ್ನು ತಗ್ಗಿಸುತ್ತದೆ ಎಂಬುದು ಸಂದೇಹವಿಲ್ಲದ ಸಂಗತಿ. ಆದರೆ ಒಳಗೆ ತಿಳಿಯದೆ ಉಳಿದ ಕಾಯಿಲೆಯಿರುವ ವ್ಯಕ್ತಿ, ರೂಢಿಯಿಲ್ಲದ ಕಠಿಣ ಶ್ರಮವನ್ನು ಒಮ್ಮೆಲೇ ಮಾಡಿದಾಗ ಆ ಹೊತ್ತಿನ ಮಟ್ಟಿಗೆ ಅಪಾಯ ಹೆಚ್ಚುತ್ತದೆ ಎಂಬುದೂ ಅಷ್ಟೇ ನಿಜ. ಹೀಗಾಗಿ ನಲವತ್ತು ದಾಟಿದವರು, ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆಯುಳ್ಳವರು, ಧೂಮಪಾನ ಮಾಡುವವರು, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತವಾದವರಿದ್ದರೆ ಅಂಥ ಮನೆಯವರು, ಸೇರುವ ಮುನ್ನ ವೈದ್ಯರನ್ನು ಕಂಡು ಬರಬೇಕು. ನಡೆಯುವಾಗ ಎದೆ ಹಿಡಿದಂತಾಗುವುದು, ತಲೆ ಸುತ್ತುವುದು, ಮೆಟ್ಟಿಲು ಹತ್ತಿದರೆ ಅತಿಯಾಗಿ ಏದುಸಿರು ಬರುವುದು, ಇವು ಇದ್ದರಂತೂ ಯಾವ ವಯಸ್ಸಿನವರೂ ಕಾಯಬಾರದು. ಎದೆನೋವಿನಿಂದ ಬಂದವರಿಗೆ ಕೂಡಲೇ ಇಸಿಜಿ ಮಾಡಿ ಚಿಕಿತ್ಸೆ ಆರಂಭಿಸಲೆಂದು ರಾಜ್ಯ ಸರ್ಕಾರವು ಪುನೀತ್ ಅವರ ಹೆಸರಿನಲ್ಲಿಯೇ ಹೃದಯ ಜ್ಯೋತಿ ಎಂಬ ಯೋಜನೆಯನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಸುತ್ತಿದೆ. ಜಿಮ್‌ನಲ್ಲಿ ಎದೆ ಬಿಗಿದಂತಾದರೆ ಅದನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕಿ ಸೋಡಾ ಕುಡಿಯುತ್ತ ಕೂರದೆ, ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು, ಹಾಗೆಯೇ ಕೆಲವು ಬಗೆಯ ಮಾತ್ರೆಗಳನ್ನು ನುಂಗುವವರು ವ್ಯಾಯಾಮದ ನಡುವೆ ಸಕ್ಕರೆ ಇಳಿದು ನಿತ್ರಾಣಗೊಳ್ಳಬಹುದಾದ್ದರಿಂದ ಬ್ಯಾಗಿನಲ್ಲಿ ಗ್ಲುಕೋಸ್ ಪೊಟ್ಟಣವನ್ನೋ ನಾಲ್ಕು ಚಮಚ ಸಕ್ಕರೆಯನ್ನೋ ಇಟ್ಟುಕೊಂಡಿರಬೇಕು. ನಮ್ಮ ಜಿಲ್ಲೆಗೆ ಸಂಬಂಧಿಸಿದ ಇನ್ನೊಂದು ವಿಷಯವಿದೆ. ಪಾವಗಡ, ಸಿರಾ, ಮಧುಗಿರಿ ಕಡೆಯ ಅನೇಕ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿರುವುದು ಎಲ್ಲರಿಗೂ ಗೊತ್ತಿರುವ ಸಮಸ್ಯೆ. ಅದು ಬಹಳ ವರ್ಷ ದೇಹ ಸೇರಿದರೆ ಮೂಳೆ ಮತ್ತು ಕೀಲುಗಳು ಬಿಗಿಯುತ್ತವೆ. ಆ ಊರುಗಳಲ್ಲಿ ಬೆಳೆದು ಈಗ ನಗರದಲ್ಲಿ ನೆಲೆಸಿರುವವರಿಗೆ ಬೆನ್ನು, ಕುತ್ತಿಗೆ ಬಾಗಿಸುವುದೇ ಕಷ್ಟವೆನಿಸುತ್ತಿದ್ದರೆ, ಭಾರ ಎತ್ತಿ ಸರಿಮಾಡಿಕೊಳ್ಳುತ್ತೇನೆ ಎಂದು ಹೊರಡುವ ಮೊದಲು ಮೂಳೆ ವೈದ್ಯರಿಗೆ ತೋರಿಸಬೇಕು.

ಜಿಮ್ ಆರಿಸುವುದು

ಯಂತ್ರಗಳ ಹೊಳಪಿಗಿಂತ ದೂರವನ್ನು ಮೊದಲು ನೋಡಿ. ಪ್ರತಿದಿನ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಸಂಜೆ ಮರಳುವವರು ಮನೆಗೆ ಹೋಗಿ ಬಟ್ಟೆ ಬದಲಾಯಿಸಿ ಮತ್ತೆ ಹೊರಡುತ್ತೇನೆ ಎಂದುಕೊಂಡರೆ ಆ ಲೆಕ್ಕ ಹತ್ತು ದಿನವೂ ನಿಲ್ಲುವುದಿಲ್ಲ. ಸೋಫಾದ ಮೇಲೆ ಒಮ್ಮೆ ಕುಳಿತವರು ಏಳುವುದು ಊಟಕ್ಕೇ. ಅಂಥವರಿಗೆ ರೈಲು ನಿಲ್ದಾಣದಿಂದ ಮನೆಗೆ ಹೋಗುವ ದಾರಿಯಲ್ಲೇ ಇರುವ ಜಿಮ್ ಸರಿ, ಬಟ್ಟೆಯನ್ನು ಬೆಳಿಗ್ಗೆಯೇ ಬ್ಯಾಗಿಗೆ ಹಾಕಿಕೊಂಡಿರಬೇಕು. ವಸಂತನರಸಾಪುರದ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವವರು ರಾತ್ರಿ ಪಾಳಿ ಮುಗಿಸಿ ನೇರವಾಗಿ ಜಿಮ್‌ಗೆ ಹೋಗುವ ಬದಲು ಮೊದಲು ನಿದ್ದೆ ಮಾಡಿ ಎದ್ದು, ಮುಂದಿನ ಪಾಳಿಗೆ ಹೊರಡುವ ಮುನ್ನ ವ್ಯಾಯಾಮ ಮಾಡುವುದು ಸುರಕ್ಷಿತ. ನಿದ್ದೆಗೆಟ್ಟವರ ಕೈಯಲ್ಲಿ ಭಾರ ಜಾರುವುದು ಬೇಗ.

ನೋಡಲು ಹೋಗುವಾಗ ನೀವು ಮುಂದೆ ಬರಲಿರುವ ಹೊತ್ತಿಗೇ ಹೋಗಿ. ಬೆಳಿಗ್ಗೆ ಹನ್ನೊಂದಕ್ಕೆ ಖಾಲಿಯಾಗಿ ಕಂಡ ಜಿಮ್ ಸಂಜೆ ಏಳಕ್ಕೆ ಸಂತೆಯಂತಿರಬಹುದು. ಟ್ರೇನರ್ ಆ ಹೊತ್ತಿನಲ್ಲಿ ಮೊಬೈಲ್ ನೋಡುತ್ತ ಕುಳಿತಿದ್ದಾರೆಯೇ, ಅಥವಾ ಹೊಸಬರ ಬಳಿ ನಿಂತು ಬೆನ್ನು ನೇರ ಮಾಡಿಸುತ್ತಿದ್ದಾರೆಯೇ ಎಂಬುದನ್ನು ಗಮನಿಸಿ. ಯಂತ್ರಗಳ ಕೇಬಲ್ ಎಳೆಎಳೆಯಾಗಿ ಬಿಚ್ಚಿಕೊಂಡಿದೆಯೇ, ನೆಲಕ್ಕೆ ರಬ್ಬರ್ ಹಾಸಿದೆಯೇ, ಗಾಳಿ ಆಡುತ್ತದೆಯೇ, ಶೌಚಾಲಯ ಹೇಗಿದೆ ಎಂಬುದನ್ನೂ ನೋಡಿ. ಆಮೇಲೆ ಶುಲ್ಕದ ಮಾತು. ಕೌಂಟರಿನಲ್ಲಿ ಕೂತವರು "ಸರ್, ವರ್ಷದ ಪ್ಯಾಕೇಜ್ ತಗೊಂಡ್ರೆ ನಿಮಗೇ ಲಾಭ" ಎಂದು ಹೇಳಿಯೇ ಹೇಳುತ್ತಾರೆ, ಲೆಕ್ಕಕ್ಕೆ ಅದು ಸುಳ್ಳೂ ಅಲ್ಲ. ಆದರೂ ಹೊಸಬರು ಮೊದಲು ಒಂದು ತಿಂಗಳಿಗೆ, ಹೆಚ್ಚೆಂದರೆ ಮೂರು ತಿಂಗಳಿಗೆ ಕಟ್ಟಿ, ಹೋಗುವ ರೂಢಿ ನಿಂತಿದೆ ಎಂದು ಖಚಿತವಾದ ಮೇಲೆ ವರ್ಷದ ಮಾತಾಡುವುದು ಜಾಣತನ ಎಂಬುದು ನನ್ನ ಅಭಿಪ್ರಾಯ. ಪರೀಕ್ಷೆ, ಮದುವೆ, ಕಾಯಿಲೆಯ ಕಾರಣಕ್ಕೆ ನಡುವೆ ನಿಲ್ಲಿಸಿದರೆ ದಿನಗಳನ್ನು ಮುಂದೂಡುತ್ತಾರೆಯೇ ಎಂದು ಕೇಳಿ, ಒಪ್ಪಿದರೆ ಅದನ್ನು ರಸೀದಿಯ ಮೇಲೆಯೇ ಬರೆಸಿಕೊಳ್ಳಿ.

ಬೇಕಾದ ಸಾಮಾನು ಕಡಿಮೆ: ಜಾರದ ಅಡಿಯಿರುವ ಶೂ, ಒಂದು ಟವೆಲ್, ನೀರಿನ ಬಾಟಲಿ, ಒಂದು ಚಿಕ್ಕ ನೋಟ್‌ಬುಕ್. ಚೂಡಿದಾರ್ ಧರಿಸಿ ಬರುವವರು ದುಪಟ್ಟಾವನ್ನು ತೆಗೆದಿಟ್ಟೇ ಟ್ರೆಡ್‌ಮಿಲ್ ಮತ್ತು ಕೇಬಲ್ ಯಂತ್ರಗಳ ಹತ್ತಿರ ಹೋಗಬೇಕು.

ವಾರಕ್ಕೆ ಮೂರು ದಿನ

ನಮ್ಮ ಜಿಮ್‌ಗಳಲ್ಲಿ ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ಭುಜ ಎಂದು ದಿನಕ್ಕೊಂದು ಅಂಗವನ್ನು ಹಂಚುವ ಪದ್ಧತಿ ಬೇರೂರಿದೆ. ಸೋಮವಾರ ಸಂಜೆ ಬೆಂಚ್ ಪ್ರೆಸ್‌ಗೆ (ಬೆಂಚಿನ ಮೇಲೆ ಮಲಗಿ ಎದೆಯ ಮೇಲಿಂದ ಭಾರ ಎತ್ತುವುದು) ಸಾಲು ನಿಲ್ಲುವುದು ಈ ಕಾರಣಕ್ಕೇ. ವರ್ಷಗಟ್ಟಲೆ ಮಾಡಿದವರಿಗೆ ಅದು ಒಗ್ಗಬಹುದು. ಹೊಸಬರಿಗೆ ಮಾತ್ರ ಒಂದು ದಿನ ತಪ್ಪಿದರೆ ಒಂದು ಅಂಗ ಹತ್ತಾರು ದಿನ ಕೆಲಸವಿಲ್ಲದೆ ಉಳಿಯುತ್ತದೆ, ಕಾಲಿನ ದಿನವಂತೂ ತಪ್ಪದೆ ತಪ್ಪಿಹೋಗುತ್ತದೆ. ಸೋಮವಾರ, ಬುಧವಾರ, ಶುಕ್ರವಾರ ಹೀಗೆ ಒಂದು ದಿನ ಬಿಟ್ಟು ಒಂದು ದಿನ ಇಡೀ ದೇಹಕ್ಕೆ ವ್ಯಾಯಾಮ ಕೊಟ್ಟರೆ, ಪ್ರತಿ ಚಲನೆಯೂ ವಾರಕ್ಕೆ ಮೂರು ಬಾರಿ ಅಭ್ಯಾಸವಾಗಿ ಬೇಗ ಕೈವಶವಾಗುತ್ತದೆ.

ಐದರಿಂದ ಹತ್ತು ನಿಮಿಷ ನಡಿಗೆಯಿಂದಲೋ ಸೈಕಲ್ಲಿನಿಂದಲೋ ಮೈ ಬಿಸಿ ಮಾಡಿಕೊಂಡು, ಆರು ವ್ಯಾಯಾಮ ಮಾಡಿದರೆ ಸಾಕು. ಕಾಲಿಗೆ ಸ್ಕ್ವಾಟ್, ಎದೆಗೆ ಡಂಬಲ್ ಪ್ರೆಸ್ ಅಥವಾ ಚೆಸ್ಟ್ ಪ್ರೆಸ್ ಮೆಷಿನ್, ಬೆನ್ನಿಗೆ ಲ್ಯಾಟ್ ಪುಲ್‌ಡೌನ್ (ಮೇಲಿನ ರಾಡನ್ನು ಎದೆಯತ್ತ ಎಳೆಯುವುದು) ಅಥವಾ ಕೇಬಲ್ ರೋ (ಕುಳಿತು ಕೇಬಲನ್ನು ಹೊಟ್ಟೆಯತ್ತ ಎಳೆಯುವುದು), ತೊಡೆಯ ಹಿಂಭಾಗಕ್ಕೆ ಹಗುರ ಡಂಬಲ್ ಹಿಡಿದ ರೊಮೇನಿಯನ್ ಡೆಡ್‌ಲಿಫ್ಟ್ (ನಿಂತು, ಸೊಂಟದಿಂದ ಮುಂದಕ್ಕೆ ಬಾಗಿ ಏಳುವುದು), ಭುಜಕ್ಕೆ ಶೋಲ್ಡರ್ ಪ್ರೆಸ್ (ಭಾರವನ್ನು ತಲೆಯ ಮೇಲಕ್ಕೆ ಎತ್ತುವುದು), ಹೊಟ್ಟೆ ಮತ್ತು ಸೊಂಟಕ್ಕೆ ಪ್ಲಾಂಕ್ (ಮೊಣಕೈ ಮತ್ತು ಕಾಲ್ಬೆರಳುಗಳ ಮೇಲೆ ಮೈಯನ್ನು ಹಲಗೆಯಂತೆ ನೇರವಾಗಿ ಹಿಡಿಯುವುದು). ಒಂದು ಚಲನೆಯನ್ನು ಒಮ್ಮೆ ಮಾಡಿದರೆ ಒಂದು ರೆಪ್, ನಡುವೆ ನಿಲ್ಲದೆ ಮಾಡಿದ ರೆಪ್‌ಗಳ ಒಂದು ಸುತ್ತು ಒಂದು ಸೆಟ್. ಮೊದಲ ಎರಡು ವಾರ ಪ್ರತಿಯೊಂದಕ್ಕೂ ಎರಡು ಸೆಟ್, ಆಮೇಲೆ ಮೂರು. ಪ್ಲಾಂಕ್ ಬಿಟ್ಟು ಉಳಿದವುಗಳಲ್ಲಿ ಒಂದು ಸೆಟ್‌ಗೆ ಹತ್ತರಿಂದ ಹನ್ನೆರಡು ರೆಪ್, ಸೆಟ್‌ಗಳ ನಡುವೆ ಒಂದೂವರೆಯಿಂದ ಎರಡು ನಿಮಿಷ ವಿರಾಮ. ಎಲ್ಲವೂ ಸೇರಿ ಒಂದು ಗಂಟೆಯೊಳಗೆ ಮುಗಿಯುತ್ತದೆ. ಸಂಜೆಯ ಗದ್ದಲದಲ್ಲಿ ನಿಮಗೆ ಬೇಕಾದ ಮೆಷಿನ್ ಬೇರೆಯವರ ಕೈಯಲ್ಲಿದ್ದರೆ "ಅಣ್ಣ, ಇನ್ನೆಷ್ಟು ಸೆಟ್ ಇದೆ?" ಎಂದು ಕೇಳಿ ನಡುನಡುವೆ ಹಂಚಿಕೊಂಡು ಮಾಡಬಹುದು, ಅದಕ್ಕೆ ಯಾರೂ ಬೇಸರಿಸುವುದಿಲ್ಲ.

ಇವುಗಳಲ್ಲಿ ಸ್ಕ್ವಾಟ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೊಸಬರು ಹೆಚ್ಚು ಹೆದರುವುದೂ ಹೆಚ್ಚು ಕೆಡಿಸುವುದೂ ಅದನ್ನೇ. ರಾಡನ್ನು ಹೆಗಲ ಮೇಲೆ ಹೊರುವುದು ಆಮೇಲಿನ ಮಾತು. ಮೊದಲು ಐದು ಅಥವಾ ಏಳೂವರೆ ಕೆ.ಜಿ.ಯ ಒಂದು ಡಂಬಲ್ ಅನ್ನು ನೇರವಾಗಿ ನಿಲ್ಲಿಸಿ, ಅದರ ಮೇಲಿನ ತಲೆಯನ್ನು ಎರಡೂ ಅಂಗೈಗಳಿಂದ ಆನಿಸಿಕೊಂಡು ಎದೆಗೆ ಹತ್ತಿರ ಹಿಡಿಯಿರಿ. ಪಾದಗಳು ಭುಜದಷ್ಟು ಅಗಲವಿರಲಿ, ಬೆರಳುಗಳು ತುಸು ಹೊರಕ್ಕೆ ತಿರುಗಿರಲಿ. ಹಿಂದೆ ಒಂದು ಬೆಂಚು ಇಟ್ಟುಕೊಂಡು, ಅದರ ಮೇಲೆ ಕೂರುವವರಂತೆ ಸೊಂಟವನ್ನು ಹಿಂದಕ್ಕೂ ಕೆಳಕ್ಕೂ ಇಳಿಸಿ, ಬೆಂಚು ತಾಗಿದೊಡನೆ ಭಾರ ಬಿಡದೆ ಮೇಲೇಳಿ. ಇಳಿಯುವಾಗ ಉಸಿರು ಒಳಗೆ, ಏಳುವಾಗ ಹೊರಗೆ. ರಕ್ತದೊತ್ತಡ ಇರುವವರು ಉಸಿರು ಬಿಗಿಹಿಡಿದು ತಿಣುಕಲೇಬಾರದು. ಗಮನಿಸಬೇಕಾದ ತಪ್ಪುಗಳು ಮೂರು: ಹಿಮ್ಮಡಿ ನೆಲ ಬಿಟ್ಟು ಏಳುವುದು, ಮೊಣಕಾಲುಗಳು ಒಳಕ್ಕೆ ವಾಲುವುದು, ಕೆಳಗೆ ಹೋದಾಗ ಬೆನ್ನು ಗೂನಾಗುವುದು. ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೊ ತೆಗೆಸಿಕೊಂಡರೆ ಮೊದಲನೆಯದೂ ಮೂರನೆಯದೂ, ಎದುರಿನಿಂದ ತೆಗೆಸಿಕೊಂಡರೆ ಎರಡನೆಯದೂ ಕಾಣುತ್ತವೆ. ಕುಕ್ಕರಗಾಲಿನಲ್ಲಿ ಕೂತು ಕೆಲಸ ಮಾಡಿ ಬೆಳೆದ ಹಳ್ಳಿಯವರಿಗೆ ಈ ಚಲನೆ ಮೊದಲ ದಿನವೇ ಒಲಿಯುವುದನ್ನೂ, ಕುರ್ಚಿಯಲ್ಲೇ ದಿನ ಕಳೆಯುವವರು ಬೆಂಚಿನ ಎತ್ತರ ತಗ್ಗಿಸಲು ತಿಂಗಳು ತೆಗೆದುಕೊಳ್ಳುವುದನ್ನೂ ಯಾವ ಜಿಮ್‌ನಲ್ಲಾದರೂ ನೋಡಬಹುದು.

ಡೆಡ್‌ಲಿಫ್ಟ್ ಮಾದರಿಯ ಚಲನೆಗಳಲ್ಲಿ ಬೆನ್ನು ಬಾಗದೆ ಸೊಂಟ ಮಡಿಯಬೇಕು ಎಂಬುದೊಂದೇ ಸೂತ್ರ. ಬೆಂಚ್ ಪ್ರೆಸ್ ಅನ್ನು ರಾಡಿನಿಂದ ಮಾಡುವಾಗ ಹೆಬ್ಬೆರಳು ರಾಡನ್ನು ಸುತ್ತಿರಲೇಬೇಕು, ತಲೆಯ ಬಳಿ ಒಬ್ಬರು ನಿಂತಿರಲೇಬೇಕು. ನಿಲ್ಲುವವರು ಸಿಗದಿದ್ದರೆ ಡಂಬಲ್ ಅಥವಾ ಮೆಷಿನ್ ಸಾಕು.

ಭಾರ ಏರಿಸುವುದು

ಸೆಟ್ ಮುಗಿದಾಗ ಇನ್ನೂ ಎರಡು ಮೂರು ರೆಪ್ ಮಾಡಬಹುದಿತ್ತು ಎನಿಸುವಷ್ಟು ಭಾರದಿಂದ ಆರಂಭಿಸಿ. ಎಲ್ಲ ಸೆಟ್‌ಗಳಲ್ಲೂ ಹನ್ನೆರಡು ರೆಪ್ ಕ್ರಮ ತಪ್ಪದೆ ಬಂದ ಮೇಲೆ ಮುಂದಿನ ಬಾರಿ ದೇಹದ ಮೇಲ್ಭಾಗದ ವ್ಯಾಯಾಮಕ್ಕೆ ಎರಡೂವರೆ ಕೆ.ಜಿ., ಕಾಲಿನದಕ್ಕೆ ಎರಡೂವರೆಯಿಂದ ಐದು ಕೆ.ಜಿ. ಸೇರಿಸಿ. ನೋಟ್‌ಬುಕ್ಕಿನಲ್ಲಿ ದಿನಾಂಕ, ವ್ಯಾಯಾಮ, ಭಾರ, ರೆಪ್ ಬರೆದಿಡದಿದ್ದರೆ ಇದು ನೆನಪಿನಲ್ಲಿ ಉಳಿಯುವುದಿಲ್ಲ. ಭಾರ ಬರೆಯುವಾಗ ರಾಡಿನ ತೂಕವನ್ನೂ ಸೇರಿಸಿ: ಒಲಿಂಪಿಕ್ ಅಳತೆಯ ಪುರುಷರ ರಾಡ್ 20 ಕೆ.ಜಿ., ಮಹಿಳೆಯರದು 15 ಕೆ.ಜಿ.; ಚಿಕ್ಕ ಜಿಮ್‌ಗಳಲ್ಲಿರುವ ತೆಳು ರಾಡುಗಳು ಇದಕ್ಕಿಂತ ಹಗುರವಾಗಿರುತ್ತವೆ. ಹಳೆಯ ಜಿಮ್‌ಗಳಲ್ಲಿ ಕೆ.ಜಿ. ಪ್ಲೇಟುಗಳ ನಡುವೆ ಪೌಂಡಿನವೂ ಬೆರೆತಿರುವುದುಂಟು. 45 ಪೌಂಡ್ ಎಂದರೆ 20 ಕೆ.ಜಿ.ಗಿಂತ ತುಸು ಹೆಚ್ಚು, 25 ಪೌಂಡ್ ಎಂದರೆ ಸುಮಾರು 11 ಕೆ.ಜಿ.; ಒಂದು ಬದಿಗೆ 25 ಕೆ.ಜಿ.ಯ ಪ್ಲೇಟನ್ನೂ ಇನ್ನೊಂದು ಬದಿಗೆ 25 ಪೌಂಡಿನದನ್ನೂ ಹಾಕಿದರೆ ರಾಡ್ ಮಗುಚಿಕೊಳ್ಳುತ್ತದೆ.

ಮೊದಲ ಒಂದೆರಡು ತಿಂಗಳಲ್ಲಿ ಎತ್ತುವ ಭಾರ ಬೇಗ ಬೇಗ ಏರುತ್ತದೆ, ಕನ್ನಡಿಯಲ್ಲಿ ಮಾತ್ರ ಏನೂ ಕಾಣುವುದಿಲ್ಲ. ಇದಕ್ಕೆ ಕಾರಣವಿದೆ. ಆ ಹಂತದ ಏರಿಕೆಯ ದೊಡ್ಡ ಪಾಲು ಸ್ನಾಯು ಬೆಳೆದದ್ದರಿಂದ ಬಂದುದಲ್ಲ. ಇರುವ ಸ್ನಾಯುವಿನ ಎಳೆಗಳನ್ನು ಒಟ್ಟಾಗಿ ದುಡಿಸುವುದನ್ನು ನರಮಂಡಲ ಕಲಿತದ್ದರಿಂದ ಬಂದದ್ದು. ಕಣ್ಣಿಗೆ ಕಾಣುವ ಬದಲಾವಣೆಗೆ ಎರಡು ಮೂರು ತಿಂಗಳು ಬೇಕು. ತೂಕದ ಯಂತ್ರವನ್ನು ದಿನವೂ ಹತ್ತುವುದರಿಂದ ಗೊಂದಲವೇ ಹೆಚ್ಚು, ಏಕೆಂದರೆ ನೀರು, ಉಪ್ಪು, ಊಟದ ವ್ಯತ್ಯಾಸದಿಂದಲೇ ಒಂದೆರಡು ಕೆ.ಜಿ. ಅತ್ತಿತ್ತ ಆಗುತ್ತದೆ.

ಯಾವ ನೋವು ಸಹಜ, ಯಾವುದು ಅಲ್ಲ

ವ್ಯಾಯಾಮದ ಮರುದಿನದಿಂದ ಮೂರನೆಯ ದಿನದವರೆಗೆ ಸ್ನಾಯುಗಳಲ್ಲಿ ಮಂದವಾದ ನೋವು ಇರುವುದು ಸಹಜ; ನಡಿಗೆ ಮತ್ತು ಹಗುರ ಚಲನೆಯಿಂದ ಅದು ಸಡಿಲವಾಗುತ್ತದೆ. ಕೀಲಿನೊಳಗೆ ಚುಚ್ಚುವಂಥ ನೋವು, ಕಾಲಿನವರೆಗೆ ಹರಿಯುವ ಬೆನ್ನುನೋವು, ತೊಡೆಸಂದಿಯಲ್ಲಿ ಕಾಣಿಸಿಕೊಳ್ಳುವ ಗಂಟು ಸಹಜವಲ್ಲ, ಅವುಗಳಿಗೆ ವೈದ್ಯರೇ ಬೇಕು.

ಇನ್ನೊಂದು ಅಪಾಯದ ಬಗ್ಗೆ ಜಿಮ್‌ಗಳಲ್ಲಿ ಯಾರೂ ಮಾತಾಡುವುದಿಲ್ಲ. ಗರಡಿಮನೆಯ ಕಾಲದಿಂದ ಬಂದ ಹುರುಪಿನಲ್ಲಿ ಹೊಸಬರಿಗೆ ಮೊದಲ ದಿನವೇ ನೂರು ಬಸ್ಕಿ ಹೊಡೆಸುವ ಟ್ರೇನರ್‌ಗಳು ಈಗಲೂ ಇದ್ದಾರೆ. ಗರಡಿಯ ಉಸ್ತಾದರು ಹುಡುಗನನ್ನು ತಿಂಗಳುಗಟ್ಟಲೆ ಪಳಗಿಸಿಯೇ ಆ ಎಣಿಕೆಗೆ ತರುತ್ತಿದ್ದರು ಎಂಬುದು ಇವರಿಗೆ ನೆನಪಿರುವುದಿಲ್ಲ. ರೂಢಿಯಿಲ್ಲದ ಸ್ನಾಯುವನ್ನು ಹೀಗೆ ಮಿತಿಮೀರಿ ದಂಡಿಸಿದರೆ, ಅದು ಒಡೆದು ಅದರೊಳಗಿನ ಅಂಶಗಳು ರಕ್ತಕ್ಕೆ ಸೇರಿ ಮೂತ್ರಪಿಂಡಗಳಿಗೆ ಹಾನಿ ಮಾಡಬಹುದು. ತೊಡೆ ಊದಿಕೊಂಡು, ತಡೆಯಲಾರದ ನೋವಿದ್ದು, ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆ ಸೇರಬೇಕು. ಅಂಥ ಎಣಿಕೆ ಹೇಳಿದ ಟ್ರೇನರ್‌ಗೆ ಇವತ್ತಿಗೆ ಇಷ್ಟೇ ಸಾಕು ಎಂದು ನಯವಾಗಿ ಹೇಳಿ ನಿಲ್ಲಿಸಲು ಹಿಂಜರಿಯಬೇಡಿ.

ಊಟ

ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ಸಾಮಾನ್ಯ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ ಪ್ರೋಟೀನ್ ಸಾಕು, ಅಂದರೆ 60 ಕೆ.ಜಿ. ತೂಗುವವರಿಗೆ ಸುಮಾರು 50 ಗ್ರಾಂ. ಕ್ರಮವಾಗಿ ಭಾರ ಎತ್ತುವವರಿಗೆ 1.2ರಿಂದ 1.6 ಗ್ರಾಂವರೆಗೆ ಬೇಕೆಂಬುದು ಕ್ರೀಡಾ ಪೋಷಣೆಯಲ್ಲಿ ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ, ಅದೇ 60 ಕೆ.ಜಿ.ಗೆ 72ರಿಂದ 96 ಗ್ರಾಂ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು. ನಮ್ಮ ಕಡೆಯ ಊಟದಲ್ಲಿ ಇದು ಹೇಗೆ ಕೂಡುತ್ತದೆ? ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ ಇರುವುದು ಏಳು ಗ್ರಾಂ ಮಾತ್ರ. ರಾಗಿ ಸುಣ್ಣದಂಶಕ್ಕೆ ಹೆಸರುವಾಸಿ. ಪ್ರೋಟೀನಿಗೆ ಅದನ್ನೇ ನಂಬಿಕೊಂಡರೆ ಆಗದು. ಐವತ್ತು ಗ್ರಾಂ ಹುರುಳಿಕಾಳಿನಲ್ಲಿ ಹನ್ನೊಂದು ಗ್ರಾಂ, ಎರಡು ಮೊಟ್ಟೆಯಲ್ಲಿ ಹನ್ನೆರಡು, ಅರ್ಧ ಲೀಟರ್ ಹಾಲಿನಲ್ಲಿ ಹದಿನಾರು, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ ಏಳು ಗ್ರಾಂ. ಇವಿಷ್ಟಕ್ಕೆ ಅನ್ನ, ಬೇಳೆ, ಮೊಸರಿನದು ಸೇರಿದರೆ ಗುರಿಯ ಹತ್ತಿರಕ್ಕೆ ಬಂದಂತಾಯಿತು. ಉಪ್ಸಾರು, ಬಸ್ಸಾರು ಮಾಡುವ ಮನೆಗಳಲ್ಲಿ ಕಟ್ಟು ಸಾರಿಗೂ ಕಾಳು ಪಲ್ಯಕ್ಕೂ ಹೋಗುತ್ತದೆ. ಮುದ್ದೆಯನ್ನು ಸಾರಿನಲ್ಲೇ ಅದ್ದಿ ನುಂಗಿ ಪಲ್ಯವನ್ನು ಬಟ್ಟಲ ಅಂಚಿಗೆ ತಳ್ಳುವವರು ಪ್ರೋಟೀನಿನ ಹೆಚ್ಚಿನ ಪಾಲನ್ನೇ ಬಿಟ್ಟೇಳುತ್ತಾರೆ. ಬೆಳಗಿನ ವ್ಯಾಯಾಮದ ನಂತರ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿನ್ನುವುದರಲ್ಲಿ ತಪ್ಪೇನಿಲ್ಲ, ಜೊತೆಗೆ ಮೊಟ್ಟೆಯೋ ಹಾಲೋ ಇದ್ದರೆ ಆಯಿತು.

ಪ್ರೋಟೀನ್ ಪುಡಿ ಔಷಧವೂ ಅಲ್ಲ, ಮಾಯೆಯೂ ಅಲ್ಲ. ಊಟದಿಂದ ಸಾಲದವರಿಗೆ ಅದೊಂದು ದುಬಾರಿ ಅನುಕೂಲ. ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರ ಆಹಾರ ಮಾರ್ಗಸೂಚಿಯಲ್ಲಿ ಮೈ ಬೆಳೆಸಲು ಇಂಥ ಪುಡಿಗಳನ್ನು ಬಳಸದಿರುವುದೇ ಲೇಸೆಂದಿದೆ. ಕೊಳ್ಳುವುದೇ ಆದರೆ ಬಿಲ್ ಪಡೆದು, ಡಬ್ಬಿಯ ಮೇಲೆ ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಹದಿನಾಲ್ಕು ಅಂಕೆಗಳ ಪರವಾನಗಿ ಸಂಖ್ಯೆ ಇದೆಯೇ ನೋಡಿ. ಬೇಗ ಮೈ ಬರುತ್ತದೆ ಎಂದು ಜಿಮ್‌ನಲ್ಲೇ ಯಾರಾದರೂ ಇಂಜೆಕ್ಷನ್ ಅಥವಾ ಹೆಸರಿಲ್ಲದ ಮಾತ್ರೆ ತೋರಿಸಿದರೆ ಆ ಜಿಮ್ ಬಿಡಿ. ಸ್ಟೀರಾಯ್ಡ್‌ಗಳು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳು. ಹೃದಯ, ಯಕೃತ್ತು, ಸಂತಾನಶಕ್ತಿ ಮೂರಕ್ಕೂ ಅವು ಹಾನಿ ಮಾಡುತ್ತವೆ.

ಮಹಿಳೆಯರಿಗೆ ಪ್ರತ್ಯೇಕವಾಗಿ ಹೇಳಬೇಕಾದದ್ದು ಸ್ವಲ್ಪವೇ. ಭಾರ ಎತ್ತಿದರೆ ಗಂಡಸರಂತೆ ಮೈ ಬರುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ; ಅದಕ್ಕೆ ಬೇಕಾದ ಹಾರ್ಮೋನು ಅವರಲ್ಲಿ ತೀರ ಕಡಿಮೆ. ಮುಟ್ಟು ನಿಂತ ಮೇಲೆ ಮೂಳೆ ಸವೆಯುವುದನ್ನು ತಡೆಯಲು ಬಲದ ವ್ಯಾಯಾಮ ಬಹಳ ಉಪಯುಕ್ತ. ಸ್ವಲ್ಪ ಮಾಡಿದರೂ ವಿಪರೀತ ಆಯಾಸವಾಗುತ್ತಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಗರ್ಭಿಣಿಯರಲ್ಲದ ಮಹಿಳೆಯರಲ್ಲಿ ಅದು 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ, ಮೊದಲು ಅದಕ್ಕೆ ಚಿಕಿತ್ಸೆಯಾಗಬೇಕು. ಮಹಿಳೆಯರಿಗೆಂದೇ ಬೇರೆ ಸಮಯ ಅಥವಾ ಮಹಿಳಾ ಟ್ರೇನರ್ ಬೇಕೆಂದಿದ್ದರೆ ಸೇರುವ ದಿನವೇ ಕೇಳಿ ಖಚಿತಪಡಿಸಿಕೊಳ್ಳಿ.

ಹಬ್ಬ, ಊರ ಜಾತ್ರೆ, ಪರೀಕ್ಷೆ ಎಂದು ನಡುವೆ ಬಿಡುವು ಬಂದೇ ಬರುತ್ತದೆ. ಒಂದು ವಾರದ ಬಿಡುವಿನಿಂದ ಏನೂ ಕಳೆದುಹೋಗುವುದಿಲ್ಲ, ನಿಲ್ಲಿಸಿದ ಕಡೆಯಿಂದಲೇ ಮುಂದುವರಿಸಬಹುದು. ಎರಡು ಮೂರು ವಾರ ತಪ್ಪಿದ್ದರೆ ನೋಟ್‌ಬುಕ್ಕಿನಲ್ಲಿರುವ ಕೊನೆಯ ಭಾರದಲ್ಲಿ ಮೂರನೆಯ ಒಂದು ಭಾಗವನ್ನು ಇಳಿಸಿ, ಎರಡೇ ಸೆಟ್‌ಗಳಿಂದ ಆರಂಭಿಸಿ. ಒಂದೆರಡು ವಾರದಲ್ಲಿ ಹಳೆಯ ಭಾರಕ್ಕೆ ಮರಳುತ್ತೀರಿ. ಜ್ವರ ಬಂದು ಹೋದವರು ಜ್ವರ ಪೂರ್ತಿ ಬಿಟ್ಟು ಊಟ, ನಿದ್ದೆ ಸರಿಹೋಗುವವರೆಗೂ ಕಾಯಬೇಕು. ಡೆಂಗಿ ಆಗಿದ್ದರೆ ಪ್ಲೇಟ್‌ಲೆಟ್ ಸಂಖ್ಯೆ ಸಹಜಕ್ಕೆ ಬಂದು ವೈದ್ಯರು ಒಪ್ಪಿದ ಮೇಲೆ, ಮೊದಲ ವಾರ ಅಮಾನಿಕೆರೆಯ ನಡಿಗೆಯಷ್ಟನ್ನೇ ಮಾಡಿ, ಎರಡನೆಯ ವಾರ ಜಿಮ್‌ಗೆ ಹೋಗಬಹುದು.